ಊತ ಇಳಿದರೂ ನೋವು ಇಳಿಯದಿರುವುದೇಕೆ? ಬೆನ್ನುಹುರಿಯ ರಿಸೆಪ್ಟರ್‌ಗಳ ಕಥೆ

ಪ್ರಶ್ನೆ: ನಾವು ಮದ್ದೂರು ಕಡೆಯವರು. ನಮ್ಮತ್ತೆಯವರಿಗೆ 58 ವರ್ಷ, ಐದು ವರ್ಷದಿಂದ ರುಮಟಾಯ್ಡ್ ಆರ್ಥ್ರೈಟಿಸ್ ಎಂಬ ಕೀಲೂತದ ಕಾಯಿಲೆ. ಮೊದಲ ಎರಡು ವರ್ಷ ಮಾತ್ರೆ ಸರಿಯಾಗಿ ತೆಗೆದುಕೊಳ್ಳಲಿಲ್ಲ. ನೋವು ಜಾಸ್ತಿಯಾದಾಗ ಮೆಡಿಕಲ್‌ನಿಂದ ಏನೋ ತಂದು ನುಂಗಿ ಗದ್ದೆಗೆ ಹೋಗುತ್ತಿದ್ದರು. ಈಗ ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ 15 ಮಿ.ಗ್ರಾಂ. ತಪ್ಪದೆ ನಡೆಯುತ್ತಿದೆ. ಬೆರಳಿನ ಊತ ಇಳಿದಿದೆ, ಬೆಳಗಿನ ಬಿಗಿತ ಎರಡು ಗಂಟೆಯಿಂದ ಹದಿನೈದು ನಿಮಿಷಕ್ಕೆ ಬಂದಿದೆ. ರಕ್ತದಲ್ಲಿ ಉರಿಯೂತ ಅಳೆಯುವ ಪರೀಕ್ಷೆಗಳಲ್ಲಿ ಇ.ಎಸ್.ಆರ್. 18, ಸಿ.ಆರ್.ಪಿ. 4. ಆದರೂ ಕೈನೋವು ಹೋಗಿಲ್ಲ. ಬಳೆ ತಾಗಿದರೆ ನೋವು, ಹೊದಿಕೆ ಸೋಕಿದರೆ ನೋವು. ಎಂದೂ ಊದಿಕೊಳ್ಳದ ಮುಂದೋಳಿಗೂ ಹಬ್ಬಿದೆ. ಮೈಸೂರಿನ ಡಾಕ್ಟರು “ಬೆನ್ನುಹುರಿಯ ರಿಸೆಪ್ಟರ್‌ಗಳು ಬದಲಾಗಿವೆ” ಎಂದು ಹೇಳಿ ಡ್ಯುಲೊಕ್ಸೆಟಿನ್ 30 ಮಿ.ಗ್ರಾಂ. ಬರೆದರು. ಅಂಗಡಿಯವರು “ಇದು ಮಾನಸಿಕ ಕಾಯಿಲೆ ಮಾತ್ರೆ” ಅಂದುಬಿಟ್ಟರು, ಅತ್ತೆ ಕಣ್ಣೀರು ಹಾಕಿದರು. ಸೊಂಟದ ಎಂ.ಆರ್.ಐ.ನಲ್ಲಿ ಎಲ್4–ಎಲ್5 ಡಿಸ್ಕ್ ಉಬ್ಬಿದೆ ಎಂದಿದೆ, ಬೆನ್ನಿಗೆ ಇಂಜೆಕ್ಷನ್ ಹಾಕಿಸಿ ಎಂದು ನೆಂಟರು ಹೇಳುತ್ತಾರೆ. ಅಸಿಕ್ಲೊಫೆನಾಕ್–ಪ್ಯಾರಾಸಿಟಮಾಲ್ ಮಾತ್ರೆ ದಿನಕ್ಕೆರಡು ನಡೆದೇ ಇದೆ. ಬಿ.ಪಿ.ಗೆ ಟೆಲ್ಮಿಸಾರ್ಟಾನ್ ಮತ್ತು ಹೈಡ್ರೊಕ್ಲೋರೊಥಯಾಜೈಡ್ ಸೇರಿದ ಮಾತ್ರೆ. ಬೆನ್ನುಹುರಿ ಕೆಟ್ಟಿದೆಯೇ? ಇದಕ್ಕೆ ಪರೀಕ್ಷೆ, ಮದ್ದು ಇದೆಯೇ? ಎರಡು ತಿಂಗಳಲ್ಲಿ ನಾದಿನಿಯ ಮದುವೆ. ಅತ್ತೆ ಬಳೆ ತೊಡಬಹುದೇ?

ಉತ್ತರ: ಪ್ರಶ್ನೆ ಹಲವಿದ್ದರೂ ನಿಮ್ಮ ಮನೆಯವರನ್ನು ಕಾಡುತ್ತಿರುವ ಅನುಮಾನ ಎರಡು. ಬೆನ್ನಿನೊಳಗೆ ಏನೋ ಮುರಿದಿದೆಯೇ ಎಂಬುದು ಒಂದು. ಊತವಿಲ್ಲದ ಮೇಲೆ ನೋವೆಲ್ಲಿಯದು, ಎಲ್ಲ ಮನಸ್ಸಿನದೇ ಇರಬೇಕು ಎಂಬುದು ಇನ್ನೊಂದು. ನೀವು ಬರೆದ ವಿವರ ನೋಡಿದರೆ ಎರಡೂ ಸರಿಯಲ್ಲ.

ಎಂ.ಆರ್.ಐ. ವಿಷಯ ಬೇಗ ಮುಗಿಸೋಣ. ದೊಡ್ಡವರಲ್ಲಿ ಬೆನ್ನುಹುರಿ ಸೊಂಟದ ಮೊದಲ ಅಥವಾ ಎರಡನೆಯ ಮಣಿಯ ಹತ್ತಿರವೇ ಮುಗಿದುಹೋಗುತ್ತದೆ. ಎಲ್4–ಎಲ್5 ಮಟ್ಟದಲ್ಲಿ ಹುರಿಯೇ ಇಲ್ಲ, ಕಾಲಿನ ಕಡೆ ಇಳಿಯುವ ನರಗಳ ಗೊಂಚಲಷ್ಟೇ ಇದೆ. ಕೈಯಿಂದ ಬರುವ ನರಗಳು ಹುರಿಗೆ ಸೇರುವುದು ಕತ್ತಿನ ಕೆಳಭಾಗದಲ್ಲಿ. ಆ ಡಿಸ್ಕಿಗೂ ಅತ್ತೆಯವರ ಕೈಗೂ ಸಂಬಂಧವಿಲ್ಲ. ಐವತ್ತು ದಾಟಿದ, ಸೊಂಟನೋವೇ ಇಲ್ಲದ ಎಷ್ಟೋ ಜನರ ಸ್ಕ್ಯಾನಿನಲ್ಲೂ ಇಂಥ ಉಬ್ಬು ಕಾಣುತ್ತದೆ. ಡಿಸ್ಕ್ ಒತ್ತಿ ಕಾಲಿಗೆ ನೋವು ಇಳಿಯುವವರಿಗೆ ಸೊಂಟದ ಎಪಿಡ್ಯೂರಲ್ ಇಂಜೆಕ್ಷನ್ ಕೆಲವೊಮ್ಮೆ ಕೆಲಸಕ್ಕೆ ಬರುತ್ತದೆ. ಕೈನೋವಿಗೆ ಅದನ್ನು ಹಾಕಿಸುವುದು ಬೇರೆಯವರ ಗದ್ದೆಗೆ ಗೊಬ್ಬರ ಹಾಕಿದಂತೆ.

ಡಾಕ್ಟರು ಹೇಳಿದ ರಿಸೆಪ್ಟರ್ ಬದಲಾವಣೆ ಎಂ.ಆರ್.ಐ.ನಲ್ಲಿ ಕಾಣುವುದೂ ಇಲ್ಲ. ಆ ಯಂತ್ರಕ್ಕೆ ಮಿಲಿಮೀಟರ್ ಲೆಕ್ಕದ ವಸ್ತು ಕಾಣುತ್ತದೆ. ರಿಸೆಪ್ಟರ್ ಎಂಬುದು ನ್ಯಾನೊಮೀಟರ್ ಲೆಕ್ಕದ ಪ್ರೋಟೀನು, ಅದಕ್ಕಿಂತ ಲಕ್ಷಪಾಲು ಸಣ್ಣದು. ರಕ್ತಪರೀಕ್ಷೆಯಲ್ಲೂ ಅದು ಸಿಗುವುದಿಲ್ಲ. “ನರದ ಸೆನ್ಸಿಟಿವಿಟಿ ಟೆಸ್ಟ್” ಎಂದು ಯಾರಾದರೂ ದುಬಾರಿ ಪ್ಯಾಕೇಜ್ ತೋರಿಸಿದರೆ ದುಡ್ಡು ಉಳಿಸಿಕೊಳ್ಳಿ. ವೈದ್ಯರು ಇದನ್ನು ಗುರುತಿಸುವುದು ಲಕ್ಷಣಗಳಿಂದಲೇ, ನೀವು ಬರೆದಿರುವ ಅದೇ ಲಕ್ಷಣಗಳಿಂದ: ಸೋಕಿದರೆ ನೋವು, ಊದದ ಜಾಗಕ್ಕೂ ಹಬ್ಬುವ ನೋವು, ಉರಿಯೂತ ತಣಿದ ಮೇಲೂ ಉಳಿಯುವ ನೋವು.

ಹುರಿಯೊಳಗೆ ಆಗುವುದೇನು

ಕೀಲಿನ ನೋವಿನ ಸುದ್ದಿ ನೇರ ಮಿದುಳಿಗೆ ಹೋಗುವುದಿಲ್ಲ. ಬೆನ್ನುಹುರಿಯನ್ನು ಅಡ್ಡಕೊಯ್ದು ನೋಡಿದರೆ ಹಿಂಬದಿಗೆ ಕೊಂಬಿನ ಆಕಾರದ ಬೂದು ಭಾಗ ಕಾಣುತ್ತದೆ. ಕೀಲಿನಿಂದ ಬಂದ ನರತಂತು ಅಲ್ಲಿಗೆ ಮುಗಿಯುತ್ತದೆ. ಅಲ್ಲಿಂದಾಚೆಗೆ ಸುದ್ದಿ ಒಯ್ಯುವುದು ಇನ್ನೊಂದು ನರಕೋಶ. ಎರಡರ ನಡುವೆ ಸುಮಾರು 20 ನ್ಯಾನೊಮೀಟರ್ ಸಂದು. ಬಂದ ತಂತು ಗ್ಲುಟಮೇಟ್ ಎಂಬ ರಾಸಾಯನಿಕವನ್ನು ಆ ಸಂದಿಗೆ ಚೆಲ್ಲುತ್ತದೆ, ಆಚೆ ದಡದ ರಿಸೆಪ್ಟರ್‌ಗಳು ಅದನ್ನು ಹಿಡಿಯುತ್ತವೆ. ಮಂಡ್ಯ ಸೀಮೆಯವರಿಗೆ ಹೇಳುವುದಾದರೆ, ಇದು ನಾಲೆಗೂ ಗದ್ದೆಗೂ ನಡುವಿನ ತೂಬು. ನಾಲೆಯಲ್ಲಿ ಎಷ್ಟೇ ನೀರಿರಲಿ, ಗದ್ದೆಗೆ ಎಷ್ಟು ಹೋಗಬೇಕೆಂದು ತೀರ್ಮಾನವಾಗುವುದು ತೂಬಿನಲ್ಲಿ.

ಗ್ಲುಟಮೇಟ್ ಹಿಡಿಯುವ ತೂಬುಗಳಲ್ಲಿ ಮುಖ್ಯವಾದವು ಎರಡು ಬಗೆ. ಆಂಪಾ ರಿಸೆಪ್ಟರ್ ದಿನನಿತ್ಯದ್ದು: ಮುಳ್ಳು ಚುಚ್ಚಿದರೆ ತಟ್ಟನೆ ತೆರೆಯುತ್ತದೆ, ತಟ್ಟನೆ ಮುಚ್ಚುತ್ತದೆ. ಎನ್‌ಎಂಡಿಎ ರಿಸೆಪ್ಟರ್ ಹಾಗಲ್ಲ. ಅದರ ಬಾಯಿಗೆ ಮೆಗ್ನೀಸಿಯಮ್ ಅಯಾನು ಕಲ್ಲಿನಂತೆ ಅಡ್ಡ ಕೂತಿರುತ್ತದೆ. ಒಂದೆರಡು ಸಲ ಗ್ಲುಟಮೇಟ್ ಬಂದರೆ ಆ ಕಲ್ಲು ಕದಲುವುದಿಲ್ಲ.

ಕೀಲಿನಲ್ಲಿ ಉರಿಯೂತ ತಿಂಗಳುಗಟ್ಟಲೆ ಇದ್ದರೆ ಲೆಕ್ಕ ಬದಲಾಗುತ್ತದೆ. ಅಲ್ಲಿ ತಯಾರಾಗುವ ಪ್ರೊಸ್ಟಗ್ಲಾಂಡಿನ್, ಬ್ರಾಡಿಕೈನಿನ್‌ನಂಥ ವಸ್ತುಗಳು ನರದ ತುದಿಯನ್ನು ಕೆಣಕುತ್ತಲೇ ಇರುತ್ತವೆ. ಹಸಿಮೆಣಸಿನಕಾಯಿ ಹೆಚ್ಚಿದ ಕೈ ಉರಿಯುತ್ತದಲ್ಲ, ಆ ಉರಿಯನ್ನು ಹಿಡಿಯುವ ಟಿಆರ್‌ಪಿವಿ1 ಎಂಬ ರಿಸೆಪ್ಟರ್ ಇದೇ ನರತುದಿಯಲ್ಲಿದೆ. ಅದನ್ನು ಪತ್ತೆಮಾಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಸಾಮಾನ್ಯವಾಗಿ ಸುಮಾರು 43 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ತೆರೆಯುವ ಅದು ಉರಿಯೂತ ಇರುವಲ್ಲಿ ಮೈಶಾಖಕ್ಕೇ ತೆರೆಯತೊಡಗುತ್ತದೆ. ಹೀಗೆ ಹುರಿಗೆ ಸುದ್ದಿ ಎಡೆಬಿಡದೆ ಹರಿಯುತ್ತದೆ. ಗ್ಲುಟಮೇಟ್ ಜೊತೆಗೆ ಸಬ್‌ಸ್ಟೆನ್ಸ್ ಪಿ ಎಂಬ ಇನ್ನೊಂದು ವಸ್ತುವೂ ಸುರಿಯುತ್ತದೆ. ಅದು ತನ್ನದೇ ರಿಸೆಪ್ಟರ್ ಹಿಡಿದು ನರಕೋಶವನ್ನು ಬಹಳ ಹೊತ್ತು ಅರೆ-ಎಚ್ಚರದಲ್ಲಿ ಇಡುತ್ತದೆ. ಆಗ ಆ ಕಲ್ಲು ಕದಲುತ್ತದೆ, ಎನ್‌ಎಂಡಿಎ ತೂಬು ತೆರೆಯುತ್ತದೆ, ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ.

ಈ ಕ್ಯಾಲ್ಸಿಯಂಗೂ ನೀವು ನುಂಗುವ ಕ್ಯಾಲ್ಸಿಯಂ ಮಾತ್ರೆಗೂ ಸಂಬಂಧವಿಲ್ಲ. ಅದನ್ನು ನಿಲ್ಲಿಸಬೇಡಿ.

ಒಳನುಗ್ಗಿದ ಕ್ಯಾಲ್ಸಿಯಂ ಕೈನೇಸ್ ಎಂಬ ಕಿಣ್ವಗಳನ್ನು ಎಬ್ಬಿಸುತ್ತದೆ. ಅವು ರಿಸೆಪ್ಟರ್‌ಗಳಿಗೆ ಫಾಸ್ಫೇಟ್ ಅಂಟಿಸುತ್ತವೆ. ಫಾಸ್ಫೇಟ್ ಅಂಟಿದ ಎನ್‌ಎಂಡಿಎ ಹೆಚ್ಚು ಸುಲಭವಾಗಿ ತೆರೆಯುತ್ತದೆ, ಪೊರೆಯ ಮೇಲೆ ಹೆಚ್ಚು ಕಾಲ ಉಳಿಯುತ್ತದೆ. ಆಂಪಾದಲ್ಲಿ ಅದಲುಬದಲೇ ಆಗಿಬಿಡುತ್ತದೆ. ಕ್ಯಾಲ್ಸಿಯಂ ಬಿಡದ ಬಗೆಯವನ್ನು ನರಕೋಶ ಒಳಕ್ಕೆ ಎಳೆದುಕೊಂಡು, ಕ್ಯಾಲ್ಸಿಯಂ ಬಿಡುವ ಬಗೆಯವನ್ನು ಪೊರೆಗೆ ತಂದು ಕೂರಿಸುತ್ತದೆ. ಇಲಿಗಳ ಪಾದದಲ್ಲಿ ದಿನಗಟ್ಟಲೆ ಉಳಿಯುವ ಉರಿಯೂತ ಎಬ್ಬಿಸಿದಾಗ ಅವುಗಳ ಬೆನ್ನುಹುರಿಯಲ್ಲಿ ಈ ಅದಲುಬದಲನ್ನು ಸಂಶೋಧಕರು ನೋಡಿದ್ದಾರೆ. ಅಷ್ಟೇ ನೀರು ಬಂದರೂ ಗದ್ದೆ ಈಗ ಹೆಚ್ಚು ತೋಯುತ್ತದೆ.

ಬಳೆ ಸೋಕಿದರೂ ನೋಯುವುದೇಕೆ ಎಂಬುದಕ್ಕೆ ಉತ್ತರ ಬೇರೆ ಕಡೆ ಇದೆ. ಹುರಿಯಲ್ಲಿ ತೆರೆಯುವ ತೂಬುಗಳ ಜೊತೆ ತಡೆಯುವವೂ ಇವೆ. ಗ್ಲೈಸಿನ್, ಗಾಬಾ ಎಂಬ ರಾಸಾಯನಿಕಗಳು ಅವುಗಳ ಮೂಲಕ ನೋವಿನ ನರಕೋಶವನ್ನು ಸುಮ್ಮನಿರಿಸುತ್ತವೆ. ಸ್ಪರ್ಶದ ಸುದ್ದಿ ನೋವಿನ ದಾರಿಗೆ ಬೆರೆಯದಂತೆ ಕಾಯುವ ಬದು ಇವೇ. ಮೈಯಲ್ಲಿ ಉರಿಯೂತ ಇದ್ದಾಗ ಬೆನ್ನುಹುರಿಯೊಳಗೇ ಕಾಕ್ಸ್-2 ಕಿಣ್ವ ಹೆಚ್ಚಿ ಅಲ್ಲಿಯೂ ಪ್ರೊಸ್ಟಗ್ಲಾಂಡಿನ್ ತಯಾರಾಗುತ್ತದೆ. 2001ರಲ್ಲಿ ಇದು ಇಲಿಗಳಲ್ಲಿ ಸ್ಪಷ್ಟವಾಯಿತು. ಆ ಪ್ರೊಸ್ಟಗ್ಲಾಂಡಿನ್ ಗ್ಲೈಸಿನ್ ರಿಸೆಪ್ಟರಿನ ಒಂದು ಬಗೆಯನ್ನು ಮಂಕಾಗಿಸುತ್ತದೆ ಎಂಬುದು 2004ರಲ್ಲಿ ತಿಳಿಯಿತು. ಬದು ಒಡೆದ ಮೇಲೆ ಪಕ್ಕದ ಗದ್ದೆಯ ನೀರು ಇತ್ತ ಹರಿಯದೆ ಬಿಡುತ್ತದೆಯೇ? ಬಳೆಯ ಸೋಕು ಸ್ಪರ್ಶದ ನರದಲ್ಲೇ ಬರುತ್ತದೆ, ಹುರಿಯಲ್ಲಿ ನೋವಿನ ಗದ್ದೆಗೆ ಬೀಳುತ್ತದೆ. ನರಕೋಶವೊಂದಕ್ಕೆ ಅಕ್ಕಪಕ್ಕದ ಜಾಗಗಳ ತಂತುಗಳೂ ಸೇರಿರುವುದರಿಂದ, ಅದು ಚುರುಕಾದಾಗ ಎಂದೂ ಊದದ ಮುಂದೋಳೂ ನೋಯುತ್ತದೆ.

ಗಾಯವಾದ ಮೇಲೆ ಹುರಿಯೇ ಹೀಗೆ ಚುರುಕಾಗುತ್ತದೆ ಎಂದು 1983ರಲ್ಲಿ ಲಂಡನ್ನಿನಲ್ಲಿ ಕ್ಲಿಫರ್ಡ್ ವೂಲ್ಫ್ ಪ್ರಯೋಗದಲ್ಲಿ ತೋರಿಸಿದರು. ಅಲ್ಲಿಯವರೆಗೆ ಸೋಕಿದರೆ ನೋವು ಎನ್ನುವವರನ್ನು ನಾಟಕದವರು ಎನ್ನುವುದು ವೈದ್ಯರಲ್ಲೂ ಇತ್ತು. ಇಲಿಗಳು ನಾಟಕವಾಡುವುದಿಲ್ಲ. ಅವುಗಳಿಗೆ ಕೀಲೂತ ತರಿಸಿ, ಊತ ಪೂರ್ತಿ ಇಳಿದ ಮೇಲೂ ಸ್ಪರ್ಶದ ನೋವು ವಾರಗಟ್ಟಲೆ ಉಳಿಯುವುದನ್ನು ನೋಡಿದ್ದಾರೆ. ಟಿಎಲ್‌ಆರ್4 ಎಂಬ ರಿಸೆಪ್ಟರ್ ಇಲ್ಲದ ಇಲಿಗಳಲ್ಲಿ ಆ ಉಳಿಕೆ ನೋವು ಇರಲಿಲ್ಲ. ಬೆನ್ನುಹುರಿಯಲ್ಲಿ ಈ ರಿಸೆಪ್ಟರ್ ಹೆಚ್ಚಾಗಿ ಇರುವ, ನರಕೋಶಗಳಿಗೆ ಒತ್ತಾಸೆಯಾಗಿರುವ ಗ್ಲಿಯಾ ಜೀವಕೋಶಗಳೂ ಈ ವ್ಯವಹಾರದಲ್ಲಿ ಪಾಲುದಾರರು ಎಂಬುದಕ್ಕೆ ಇದೊಂದು ಸುಳಿವು. ಅತ್ತೆಯವರಿಗೆ ಇಷ್ಟನ್ನು ಹೇಳಿ: ನೋವು ನಿಜ. ಅದು ಹುಟ್ಟುತ್ತಿರುವ ಜಾಗ ಮಾತ್ರ ಕೀಲಿನಿಂದ ಒಂದು ಮೆಟ್ಟಿಲು ಮೇಲಕ್ಕೆ ಸರಿದಿದೆ.

ಇದು ಮರಳುತ್ತದೆಯೇ? ಬಹುಮಟ್ಟಿಗೆ, ಹೌದು. ಫಾಸ್ಫೇಟ್ ಅಂಟುವುದು ನಿಮಿಷಗಳ ಕೆಲಸ, ಕಳಚುವುದು ಗಂಟೆಗಳದು. ಹೊಸ ರಿಸೆಪ್ಟರ್ ತಯಾರಾಗುವ ಬದಲಾವಣೆಗೆ ದಿನಗಳು ಬೇಕು, ಗ್ಲಿಯಾ ತಣ್ಣಗಾಗಲು ವಾರ, ತಿಂಗಳು. ಸೊಂಟದ ಕೀಲು ಸವೆದು ವರ್ಷಗಟ್ಟಲೆ ನರಳಿದವರಲ್ಲಿ ಕೀಲು ಬದಲಾಯಿಸಿದ ಮೇಲೆ ಸ್ಪರ್ಶ, ಒತ್ತಡಗಳ ಸಂವೇದನೆ ಸಹಜಕ್ಕೆ ಮರಳಿದ್ದು ದಾಖಲಾಗಿದೆ. ಅಂದರೆ ಕೆಳಗಿನಿಂದ ಬರುವ ಹರಿವು ನಿಂತರೆ ಹುರಿ ತಾನಾಗಿ ಇಳಿಯುತ್ತದೆ. ಆದರೆ ಹರಿವು ನಿಜವಾಗಿ ನಿಂತಿರಬೇಕು. ಚಿಕಿತ್ಸೆಯ ಕ್ರಮವೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ: ಮೊದಲು ಕೀಲಿನ ಬೆಂಕಿ, ಆಮೇಲೆ ಹುರಿ. ಕ್ರಮ ತಿರುಗಿಸಿದರೆ ಎರಡೂ ಕೈಗೆ ಸಿಗುವುದಿಲ್ಲ.

ಮೊದಲು ನೋಡಿಸಬೇಕಾದದ್ದು

ಇ.ಎಸ್.ಆರ್., ಸಿ.ಆರ್.ಪಿ. ಚೆನ್ನಾಗಿವೆ. ಆದರೆ ಅವು ಸರಿಯಿದ್ದೂ ಕೀಲಿನ ಪೊರೆಯಲ್ಲಿ ಸಣ್ಣ ಉರಿಯೂತ ಉಳಿದಿರಬಹುದು. ರುಮಟಾಲಜಿಸ್ಟರು 28 ಕೀಲುಗಳನ್ನು ಒಂದೊಂದಾಗಿ ಒತ್ತಿ ನೋಡಬೇಕು. ಅನುಮಾನ ಬಂದರೆ ಬೆರಳು, ಮಣಿಕಟ್ಟಿಗೆ ಡಾಪ್ಲರ್ ಅಲ್ಟ್ರಾಸೌಂಡ್ ಮಾಡಿಸಬೇಕು. ಉರಿಯೂತ ಉಳಿದಿದ್ದರೆ ಮೆಥೊಟ್ರೆಕ್ಸೇಟ್ 15ರಿಂದ 20, 25 ಮಿ.ಗ್ರಾಂ.ಗೆ ಏರಿಸುವುದಕ್ಕೂ ಬೇರೆ ಔಷಧ ಸೇರಿಸುವುದಕ್ಕೂ ಜಾಗವಿದೆ. ಉರಿಯೂತ ಹೆಚ್ಚಿಸುವ ಟಿಎನ್‌ಎಫ್ ಎಂಬ ಪ್ರೋಟೀನನ್ನು ತಡೆಯುವ ಇಂಜೆಕ್ಷನ್ ಕೊಟ್ಟ ರೋಗಿಗಳಲ್ಲಿ ಕೀಲಿನ ಊತ ಇಳಿಯುವ ಮೊದಲೇ, 24 ಗಂಟೆಯೊಳಗೆ, ಮಿದುಳಿನಲ್ಲಿ ನೋವಿನ ಚಟುವಟಿಕೆ ಇಳಿದದ್ದು 2011ರಲ್ಲಿ ಪ್ರಕಟವಾಗಿದೆ. ಉರಿಯೂತದ ಔಷಧ ಕೀಲಿಗೆ ಮಾತ್ರ ಎಂದುಕೊಳ್ಳಬೇಡಿ.

ಮೆಥೊಟ್ರೆಕ್ಸೇಟ್ ಕುರಿತು ಒಂದು ಎಚ್ಚರಿಕೆ, ಕೇಳದಿದ್ದರೂ ಹೇಳುತ್ತೇನೆ. ಅದು ವಾರಕ್ಕೆ ಒಂದೇ ದಿನ. ಮನೆಯಲ್ಲಿ ಯಾರೋ ತಪ್ಪಾಗಿ ದಿನವೂ ಕೊಟ್ಟು ಬಾಯಿಹುಣ್ಣು, ರಕ್ತಕಣ ಕುಸಿತ ಆಗಿ ಜೀವಕ್ಕೇ ಬಂದ ಪ್ರಸಂಗಗಳಿವೆ. ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಕೆಂಪು ಗುರುತು ಹಾಕಿ. ಫೋಲಿಕ್ ಆಸಿಡ್ ಬೇರೆ ದಿನ ಇರಲಿ. ರಕ್ತಕಣಗಳ ಎಣಿಕೆ, ಲಿವರ್ ಪರೀಕ್ಷೆ, ಕ್ರಿಯಾಟಿನಿನ್ ಎರಡು-ಮೂರು ತಿಂಗಳಿಗೊಮ್ಮೆ ಆಗುತ್ತಿವೆಯೇ ನೋಡಿ.

ಕೈನೋವಿಗೆ ಬೇರೆ ಕಾರಣಗಳನ್ನೂ ಬಿಡಬಾರದು. ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಕೈ ಒದರಿದರೆ ಹಗುರವಾಗುತ್ತದೆಯೇ? ಹಾಗಿದ್ದರೆ ಮಣಿಕಟ್ಟಿನಲ್ಲಿ ನರ ಒತ್ತಿರಬಹುದು. ಈ ಕಾಯಿಲೆಯಲ್ಲಿ ಅದು ಸಾಮಾನ್ಯ, ಚಿಕಿತ್ಸೆಯೂ ಬೇರೆ. ಸಕ್ಕರೆ, ಥೈರಾಯ್ಡ್, ಬಿ12 ಒಮ್ಮೆ ನೋಡಿಸಿ. ಕತ್ತಿನ ವಿಷಯ ಇದಕ್ಕಿಂತ ಗಂಭೀರ. ರುಮಟಾಯ್ಡ್ ಕಾಯಿಲೆ ಹಳೆಯದಾದವರಲ್ಲಿ ಕತ್ತಿನ ಮೊದಲ ಎರಡು ಮಣಿಗಳ ನಡುವೆ ಸಡಿಲ ಬರಬಹುದು. ಕತ್ತು ಬಗ್ಗಿಸಿದರೆ ಬೆನ್ನಿಗೆ ಕರೆಂಟ್ ಹೊಡೆದಂತಾಗುವುದು, ಕೈಯಿಂದ ಲೋಟ ಜಾರುವುದು, ನಡಿಗೆ ತೂರಾಡುವುದು, ಮೂತ್ರ ಹಿಡಿತ ತಪ್ಪುವುದು, ಇವುಗಳಲ್ಲಿ ಯಾವುದು ಕಂಡರೂ ಅದು ರಿಸೆಪ್ಟರ್ ಕಥೆಯಲ್ಲ. ಅದೇ ದಿನ ಮಂಡ್ಯದ ಮಿಮ್ಸ್ ಅಥವಾ ಮೈಸೂರಿನ ಕೆ.ಆರ್. ಆಸ್ಪತ್ರೆಯಂಥ ದೊಡ್ಡ ಕಡೆಗೆ ಹೋಗಿ. ಕತ್ತು ತಿರುವಿ ಲಟಿಕೆ ತೆಗೆಸುವ ಅಭ್ಯಾಸ ಮನೆಯಲ್ಲಿದ್ದರೆ ಅತ್ತೆಯವರ ಮಟ್ಟಿಗೆ ಇಂದೇ ನಿಲ್ಲಿಸಿ.

ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಕಳವಳ ತಂದ ಸಾಲು

ಅದು ಡ್ಯುಲೊಕ್ಸೆಟಿನ್ ಸಾಲಲ್ಲ. “ಅಸಿಕ್ಲೊಫೆನಾಕ್ ದಿನಕ್ಕೆರಡು ನಡೆದೇ ಇದೆ” ಎಂಬ ಸಾಲು.

ಮೂತ್ರಪಿಂಡದ ಸೋಸುವ ಜಾಲರಿಗೆ ರಕ್ತ ತರುವ ನಾಳವನ್ನು ಅಗಲವಾಗಿ ಇಡುವುದು ಪ್ರೊಸ್ಟಗ್ಲಾಂಡಿನ್. ಅಸಿಕ್ಲೊಫೆನಾಕ್ ಅದನ್ನೇ ಕಟ್ಟಿಹಾಕುತ್ತದೆ. ರಕ್ತ ಹೊರಹೋಗುವ ನಾಳ ಬಿಗಿಯಾಗಿದ್ದರೆ ಜಾಲರಿಯಲ್ಲಿ ಒತ್ತಡ ಉಳಿಯುತ್ತದೆ. ಟೆಲ್ಮಿಸಾರ್ಟಾನ್ ಆ ಬಿಗಿಯನ್ನು ಸಡಿಲಿಸುತ್ತದೆ. ಹೈಡ್ರೊಕ್ಲೋರೊಥಯಾಜೈಡ್ ಮೈಯ ನೀರನ್ನೇ ಇಳಿಸುತ್ತದೆ. ಒಂದೊಂದೂ ಒಳ್ಳೆಯ ಔಷಧವೇ, ಮೂರೂ ಕೂಡಿದಾಗ ಮೂತ್ರಪಿಂಡ ಸೊರಗುತ್ತದೆ. ಬೇಸಿಗೆಯಲ್ಲಿ, ವಾಂತಿ-ಭೇದಿಯಾದಾಗ ಇನ್ನೂ ಹೆಚ್ಚು. ಮೆಥೊಟ್ರೆಕ್ಸೇಟ್ ಮೈಯಿಂದ ಹೊರಹೋಗುವುದು ಕೂಡ ಮೂತ್ರಪಿಂಡದ ಮೂಲಕವೇ. ಅದು ಸೊರಗಿದರೆ 15 ಮಿ.ಗ್ರಾಂ. ಮೈಯೊಳಗೆ ಅದಕ್ಕಿಂತ ಹೆಚ್ಚಿನ ಡೋಸಿನಂತೆ ವರ್ತಿಸುತ್ತದೆ. ಹಾಗೆಂದು ಬಿ.ಪಿ. ಮಾತ್ರೆ ನೀವೇ ನಿಲ್ಲಿಸಬೇಡಿ. ಈ ವಾರವೇ ಕ್ರಿಯಾಟಿನಿನ್, ಸೋಡಿಯಂ, ಪೊಟ್ಯಾಸಿಯಂ ನೋಡಿಸಿ, ಮೂರೂ ಮಾತ್ರೆಯ ಚೀಟಿಗಳನ್ನು ಒಬ್ಬರೇ ವೈದ್ಯರ ಮುಂದೆ ಇಡಿ. ಊತವಿಲ್ಲದ ಈ ಹಂತದಲ್ಲಿ ಅಸಿಕ್ಲೊಫೆನಾಕ್‌ನಿಂದ ಸಿಗುವ ಲಾಭ ಕಡಿಮೆ, ಅಪಾಯ ಮಾತ್ರ ಅಷ್ಟೇ ಇದೆ. ಅದನ್ನು ಇಳಿಸಲು ಅವರು ಒಪ್ಪುತ್ತಾರೆ ಎಂದೇ ನನ್ನ ಎಣಿಕೆ.

ಬದಲಿಗೆ ಡೈಕ್ಲೊಫೆನಾಕ್ ಜೆಲ್ ಇದೆ. ಒಂದು ಕೈಗೆ ಸುಮಾರು 2 ಗ್ರಾಂ, ದಿನಕ್ಕೆ ಮೂರು-ನಾಲ್ಕು ಸಲ. ರಕ್ತಕ್ಕೆ ಸೇರುವುದು ಮಾತ್ರೆಗಿಂತ ಬಹಳ ಕಡಿಮೆ. ಹಚ್ಚಿದ ಮೇಲೆ ಬಿಸಿ ಶಾಖ ಕೊಡಬೇಡಿ, ಬಿಗಿಯಾಗಿ ಬಟ್ಟೆ ಸುತ್ತಬೇಡಿ. ಪ್ಯಾರಾಸಿಟಮಾಲ್ ಬಿಡಿಯಾಗಿ ಕೊಡುವುದಾದರೆ ದಿನಕ್ಕೆ 3 ಗ್ರಾಂ ದಾಟಬಾರದು. ಅಸಿಕ್ಲೊಫೆನಾಕ್ ಜೊತೆಗಿನ ಮಾತ್ರೆಯಲ್ಲಿ ಸಾಮಾನ್ಯವಾಗಿ 325 ಮಿ.ಗ್ರಾಂ. ಇರುತ್ತದೆ, ಲೆಕ್ಕ ಹಾಕುವಾಗ ಅದನ್ನೂ ಸೇರಿಸಿ.

ಹೆಸರಿಲ್ಲದ ಪುಡಿ, ಕರಿ ಗುಳಿಗೆ, “ಮೂರೇ ದಿನದಲ್ಲಿ ಆರಾಮ” ಎನ್ನುವ ಇಂಜೆಕ್ಷನ್, ಇವುಗಳಲ್ಲಿ ಎಷ್ಟೋ ಸಲ ಸ್ಟೀರಾಯ್ಡ್ ಬೆರೆತಿರುತ್ತದೆ. ಆರಾಮ ಸಿಗುವುದೂ ಅದಕ್ಕೇ. ಅತ್ತೆಯವರು ಅಂಥದ್ದನ್ನು ಈಗಲೂ ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತಿದ್ದರೆ ತಟ್ಟನೆ ನಿಲ್ಲಿಸುವುದೂ ಅಪಾಯ, ಬಿ.ಪಿ. ಕುಸಿದು ಸುಸ್ತಾಗಿ ಬೀಳಬಹುದು. ಪುಡಿಯನ್ನು ಬಚ್ಚಿಡದೆ ವೈದ್ಯರಿಗೆ ತೋರಿಸಿ.

“ಮಾನಸಿಕ ಕಾಯಿಲೆ ಮಾತ್ರೆ”ಯ ವಿಷಯ

ಅಂಗಡಿಯವರು ಹೇಳಿದ್ದು ಅರ್ಧ ನಿಜ. ಡ್ಯುಲೊಕ್ಸೆಟಿನ್ ಖಿನ್ನತೆಗೂ ಕೊಡುವ ಔಷಧ. ಆದರೆ ಅತ್ತೆಯವರಿಗೆ ಬರೆದದ್ದು ಹುರಿಗಾಗಿ. ಮಿದುಳಿನ ಕಾಂಡದಿಂದ ಬೆನ್ನುಹುರಿಗೆ ಇಳಿಯುವ ನರಗಳಿವೆ. ಅವು ನಾರ್‌ಅಡ್ರಿನಲಿನ್, ಸೆರೊಟೊನಿನ್ ಸುರಿಸಿ ನಾನು ಮೇಲೆ ಹೇಳಿದ ತೂಬುಗಳ ಮೇಲೆ ಹತೋಟಿ ಇಡುತ್ತವೆ. ಹೀಗೆ ಸುರಿದದ್ದು ಬೇಗ ಹಿಂದಕ್ಕೆ ಹೀರಿಕೊಳ್ಳದಂತೆ ಡ್ಯುಲೊಕ್ಸೆಟಿನ್ ತಡೆಯುತ್ತದೆ. ಮನಸ್ಸು ಸರಿಯಿರುವವರಲ್ಲೂ ನೋವು ಇಳಿಸುವುದು ಇದರಿಂದಲೇ. ಮೊಣಕಾಲು ಸವೆತದ ನೋವಿಗೂ, ಸಕ್ಕರೆ ಕಾಯಿಲೆಯ ಪಾದದ ಉರಿಗೂ ಇದನ್ನೇ ಕೊಡುತ್ತಾರೆ.

ಕೊಡುವ ಕ್ರಮ ಹೀಗೆ: ಊಟವಾದ ಮೇಲೆ 30 ಮಿ.ಗ್ರಾಂ., ಒಂದೆರಡು ವಾರ. ತಡೆದುಕೊಂಡರೆ ವೈದ್ಯರು 60ಕ್ಕೆ ಏರಿಸುತ್ತಾರೆ. ಕ್ಯಾಪ್ಸೂಲ್ ಬಿಚ್ಚಿ ಪುಡಿ ಮಾಡಬಾರದು. ಮೊದಲ ವಾರ ವಾಕರಿಕೆ, ಬಾಯಿ ಒಣಗುವುದು, ನಿದ್ದೆಯಲ್ಲಿ ಏರುಪೇರು ಸಾಮಾನ್ಯ, ಬಹುಮಂದಿಗೆ ತಾನಾಗಿ ಹೋಗುತ್ತದೆ. ಇಲ್ಲಿಯೇ ಎಷ್ಟೋ ಜನ ಬಿಟ್ಟುಬಿಡುವುದು. ಬಿ.ಪಿ. ತುಸು ಏರಬಹುದು. ಜೊತೆಗೆ ಹೈಡ್ರೊಕ್ಲೋರೊಥಯಾಜೈಡ್ ಇರುವುದರಿಂದ ಸೋಡಿಯಂ ಇಳಿದು ಮಂಕು ಕವಿಯಬಹುದು. ಮೇಲೆ ಸೋಡಿಯಂ ನೋಡಿಸಿ ಎಂದದ್ದು ಅದಕ್ಕೇ. ಅಸಿಕ್ಲೊಫೆನಾಕ್ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತ ಒಸರುವ ಸಂಭವ ಹೆಚ್ಚು. ಮಲ ಟಾರಿನಂತೆ ಕಪ್ಪಾದರೆ ತಡ ಮಾಡಬೇಡಿ. ಕಣ್ಣಿನ ಗ್ಲಾಕೋಮಾ, ಲಿವರ್ ತೊಂದರೆ, ಮೂತ್ರಪಿಂಡದ ದೊಡ್ಡ ತೊಂದರೆ ಇದ್ದರೆ ಮೊದಲೇ ಹೇಳಿ. ಟ್ರಮಡಾಲ್ ಜೊತೆಗೆ ಬೇಡವೇ ಬೇಡ. ಎರಡೂ ಸೆರೊಟೊನಿನ್ ಏರಿಸುತ್ತವೆ: ನಡುಕ, ಬೆವರು, ಜ್ವರ, ಗಾಬರಿ ಬರಬಹುದು. ಬೇರೆ ಕಡೆ ನೋವೆಂದು ಹೋದಾಗ ಟ್ರಮಡಾಲ್ ಸುಲಭವಾಗಿ ಚೀಟಿಗೆ ಸೇರಿಬಿಡುತ್ತದೆ, ಎಚ್ಚರ.

ಪ್ರಿಗಾಬಾಲಿನ್ ಮತ್ತು ಮೀಥೈಲ್‌ಕೋಬಾಲಮಿನ್ ಸೇರಿದ ಮಾತ್ರೆಯನ್ನೂ ಯಾರಾದರೂ ಸೂಚಿಸಬಹುದು. ಅದು ನರಕ್ಕೇ ಪೆಟ್ಟಾದಾಗ ಬರುವ ನೋವಿಗೆ ಚೆನ್ನ. ಉರಿಯೂತದ ಹಿನ್ನೆಲೆಯ ನೋವಿಗೆ ಅದರ ಆಧಾರ ತೆಳು. ತಲೆಸುತ್ತು, ಮಂಪರು, ಕಾಲೂತ ಮಾತ್ರ ಗ್ಯಾರಂಟಿ ಎನ್ನುವಷ್ಟು ಸಾಮಾನ್ಯ. ರಾತ್ರಿ ಎದ್ದು ಬಚ್ಚಲಿಗೆ ಹೋಗುವಾಗ ಬಿದ್ದು ಸೊಂಟ ಮುರಿದುಕೊಂಡರೆ ಯಾವ ರಿಸೆಪ್ಟರೂ ನೆನಪಿಗೆ ಬರುವುದಿಲ್ಲ.

“ಇಷ್ಟೆಲ್ಲ ಗೊತ್ತಿದ್ದ ಮೇಲೆ ಆ ಎನ್‌ಎಂಡಿಎ ತೂಬನ್ನೇ ಮುಚ್ಚುವ ಮಾತ್ರೆ ಇಲ್ಲವೇ?” ಎಂದು ಮುಂದೆ ಕೇಳುತ್ತೀರಿ. ಔಷಧವೇನೋ ಇದೆ, ಕೆಟಮಿನ್. ಆದರೆ ಅದೇ ರಿಸೆಪ್ಟರ್ ಮಿದುಳಿನಲ್ಲಿ ನೆನಪು, ಕಲಿಕೆಗೂ ಬೇಕು. ಮುಚ್ಚಿದರೆ ಮನುಷ್ಯ ಭ್ರಮೆಗೆ ಹೋಗುತ್ತಾನೆ. ಅದು ಆಪರೇಷನ್ ಥಿಯೇಟರಿನ ಔಷಧ, ಮನೆಯದಲ್ಲ. ಸಬ್‌ಸ್ಟೆನ್ಸ್ ಪಿ ಹಿಡಿಯುವ ಎನ್‌ಕೆ1 ರಿಸೆಪ್ಟರನ್ನು ಮುಚ್ಚುವ ಔಷಧಗಳು ಪ್ರಾಣಿಗಳಲ್ಲಿ ನೋವು ಇಳಿಸಿ ಆಸೆ ಹುಟ್ಟಿಸಿದವು, ಮನುಷ್ಯರ ನೋವಿಗೆ ಸೋತವು. ಅವುಗಳಲ್ಲೊಂದಾದ ಅಪ್ರೆಪಿಟೆಂಟ್ ಇಂದು ಕೀಮೊಥೆರಪಿಯ ವಾಂತಿ ತಡೆಯಲು ಬಳಕೆಯಲ್ಲಿದೆ. ಇಲಿಯಲ್ಲಿ ಗೆದ್ದದ್ದು ಮನುಷ್ಯನಲ್ಲಿ ಗೆಲ್ಲಬೇಕೆಂದಿಲ್ಲ. ಪೇಪರಿನಲ್ಲಿ “ನೋವಿನ ರಿಸೆಪ್ಟರ್ ಪತ್ತೆ” ಎಂದು ಓದಿದಾಗೆಲ್ಲ ಇದು ನೆನಪಿರಲಿ.

ಮನೆಯಲ್ಲಿ ಮಾಡಬಹುದಾದದ್ದು

ಇಳಿಯುವ ಹತೋಟಿಯ ನರಗಳನ್ನು ಎಬ್ಬಿಸಲು ಮಾತ್ರೆಯಷ್ಟೇ ದಾರಿಯಲ್ಲ. ನಡಿಗೆ, ನಿದ್ದೆ ಎರಡಕ್ಕೂ ಆ ಶಕ್ತಿ ಇದೆ. ತಪ್ಪಾಗುವುದು ಅಳತೆಯಲ್ಲಿ. ನೋವು ಕಡಿಮೆಯಿದ್ದ ದಿನ ಮನೆಕೆಲಸವೆಲ್ಲ ಬಳಿದು ಹಾಕಿ, ಮಾರನೆಯ ಎರಡು ದಿನ ಮಲಗುವುದು. ಹೀಗೆ ಏರಿಳಿತವಾದರೆ ಹುರಿ ಇನ್ನೂ ಚುರುಕಾಗುತ್ತದೆ. ಹತ್ತು ನಿಮಿಷ ನಡೆಯಲು ಆಗುವುದಾದರೆ ಎಂಟೇ ನಿಮಿಷದಿಂದ ಶುರುಮಾಡಿ, ಒಳ್ಳೆಯ ದಿನವೂ ಎಂಟೇ. ವಾರಕ್ಕೆ ಒಂದೆರಡು ನಿಮಿಷ ಏರಿಸಿ. ನಡೆದ ನೋವು ಮಾರನೆಯ ಬೆಳಗ್ಗೆಗೆ ಇಳಿದಿದ್ದರೆ ಅಳತೆ ಸರಿ, ಇಳಿಯದಿದ್ದರೆ ಹಿಂದಿನ ವಾರದ ಅಳತೆಗೆ ಹೋಗಿ. ಬೆಳಗ್ಗೆ ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಕೈಯಿಟ್ಟು, ನೀರೊಳಗೇ ಬೆರಳು ಮಡಚಿ ಬಿಚ್ಚುವುದು ಹತ್ತು ಸಲ.

ಪಥ್ಯದ ವಿಷಯ ಪತ್ರದಲ್ಲಿ ಇಲ್ಲ, ಆದರೆ ಆಲೂಗಡ್ಡೆ, ಬದನೆಕಾಯಿ ವಾಯು ಎಂದು ಯಾರೋ ಬಿಡಿಸಿರುತ್ತಾರೆ. ಅವುಗಳಿಗೂ ಈ ರಿಸೆಪ್ಟರ್‌ಗಳಿಗೂ ಸಂಬಂಧವಿಲ್ಲ. ಮುದ್ದೆ, ಬದನೆಕಾಯಿ ಸಾರು ಆರಾಮವಾಗಿ ಉಣ್ಣಲಿ.

ಸೋಕಿದರೆ ನೋಯುವ ಚರ್ಮಕ್ಕೆ ಸೋಕನ್ನೇ ಪೂರ್ತಿ ತಪ್ಪಿಸುವುದು ಸಹಜ ಅನ್ನಿಸುತ್ತದೆ, ಆದರೆ ಅದು ಹಿಮ್ಮುಖ ದಾರಿ. ರೊನಾಲ್ಡ್ ಮೆಲ್ಜಾಕ್, ಪ್ಯಾಟ್ರಿಕ್ ವಾಲ್ 1965ರಲ್ಲಿ ಹೇಳಿದ ಗೇಟ್ ಸಿದ್ಧಾಂತದ ತಿರುಳು ನಮಗೆ ಮೊದಲೇ ಗೊತ್ತು: ಮಂಡಿ ಕುಟ್ಟಿಕೊಂಡರೆ ಉಜ್ಜಿಕೊಳ್ಳುತ್ತೇವೆ. ಸ್ಪರ್ಶದ ಸುದ್ದಿ ತಡೆಯುವ ನರಕೋಶಗಳನ್ನು ಎಬ್ಬಿಸುತ್ತದೆ. ಒಡೆದ ಬದುವನ್ನು ಮತ್ತೆ ಕಟ್ಟಲು ಆ ಸ್ಪರ್ಶವೇ ಬೇಕು, ಆದರೆ ಸಣ್ಣ ಅಳತೆಯಲ್ಲಿ. ಹಳೆಯ ಮೆತ್ತನೆ ಸೀರೆಯ ತುಂಡಿನಿಂದ ಮುಂದೋಳನ್ನು ಐದು ನಿಮಿಷ, ದಿನಕ್ಕೆ ಮೂರು ಸಲ, ಅತ್ತೆಯವರೇ ನೇವರಿಸಿಕೊಳ್ಳಲಿ. ಬೇರೆಯವರು ಮುಟ್ಟುವುದಕ್ಕಿಂತ ತಾವೇ ಮುಟ್ಟಿಕೊಂಡಾಗ ನೋವು ಕಡಿಮೆ. ವಾರ ಕಳೆದ ಮೇಲೆ ಟವೆಲ್, ಆಮೇಲೆ ಒರಟು ಬಟ್ಟೆ. ಕೆಂಪಾಗಿ ಊದಿದ ದಿನ ಮಾತ್ರ ಬೇಡ.

ಡ್ಯುಲೊಕ್ಸೆಟಿನ್ ಕೆಲಸ ಮಾಡುತ್ತಿದೆಯೇ ಎಂದು ಯಾವಾಗ ನೋಡುವುದು? 60 ಮಿ.ಗ್ರಾಂ. ತಲುಪಿ ನಾಲ್ಕರಿಂದ ಆರು ವಾರ ಕೊಡಿ. ಸೊನ್ನೆಯಿಂದ ಹತ್ತರ ಅಳತೆಯಲ್ಲಿ ನೋವನ್ನು ವಾರಕ್ಕೊಮ್ಮೆ ಬರೆದಿಡಿ. ಏಳಿದ್ದದ್ದು ಐದಕ್ಕೆ ಬಂದರೂ ಅದು ಲೆಕ್ಕಕ್ಕೆ ಸಿಗುವ ಗೆಲುವು, ಸೊನ್ನೆಗೆ ಬರಲೇಬೇಕೆಂದು ಕಾಯಬೇಡಿ. ಏನೂ ಇಳಿಯದಿದ್ದರೆ ವೈದ್ಯರಿಗೆ ಹೇಳಿ ಎರಡು ವಾರದಲ್ಲಿ ಹಂತಹಂತವಾಗಿ ಬಿಡಿಸಿ. ಒಂದೇ ಸಲ ನಿಲ್ಲಿಸಿದರೆ ತಲೆಸುತ್ತು, ತಲೆಗೆ ಜುಮ್ಮೆಂದು ಹೊಡೆದಂತಾಗುವುದು ಬರುತ್ತದೆ. ಅದನ್ನು ನೋಡಿ “ಮಾತ್ರೆ ಚಟ ಹತ್ತಿಸಿತು” ಎಂದುಕೊಳ್ಳುವವರಿದ್ದಾರೆ. ಅದು ಚಟವಲ್ಲ, ಬೇಗ ಬಿಟ್ಟದ್ದರ ಫಲ.

ಬಳೆಯ ಪ್ರಶ್ನೆ ಕೊನೆಗಿಟ್ಟಿದ್ದೀರಿ, ಅದಕ್ಕೆ ನೇರ ಉತ್ತರ: ತೊಡಬಹುದು. ಬಟ್ಟೆಯ ನೇವರಿಕೆ ಮೂರು ವಾರ ಸರಿಹೋದ ಮೇಲೆ, ಎಂದಿನ ಅಳತೆಗಿಂತ ಒಂದು ಸೈಜ್ ದೊಡ್ಡದಾದ ಎರಡು ಗಾಜಿನ ಬಳೆ, ಸಂಜೆ ಹದಿನೈದು ನಿಮಿಷ ಮಾತ್ರ. ಬೆರಳಗಂಟು ಹಿಂಡಿ ಏರಿಸುವುದು ಬೇಡ. ಕೈಗೆ ಸೋಪು ಹಚ್ಚಿಯೋ, ತೆಳು ಪ್ಲಾಸ್ಟಿಕ್ ಕವರ್ ಹಾಕಿಯೋ ಜಾರಿಸಿ. ಮೂರು ನಾಲ್ಕು ದಿನಕ್ಕೊಮ್ಮೆ ಹೊತ್ತು ಏರಿಸುತ್ತಾ ಹೋಗಿ. ಮಣಿಕಟ್ಟು ಊದಿ ಬಿಸಿಯಾಗಿದ್ದರೆ ಆ ವಾರ ಬಿಟ್ಟುಬಿಡಿ, ಬಳೆಯ ಬದಲು ರುಮಟಾಲಜಿಸ್ಟರಿಗೆ ಫೋನ್ ಮಾಡಿ. ಬಳೆ ಶಾಸ್ತ್ರದ ದಿನ ಬಳೆಗಾರರಿಗೆ ಮೊದಲೇ ಹೇಳಿಡಿ, ಅತ್ತೆಯವರ ಬಳೆಯನ್ನು ಅತ್ತೆಯವರೇ ಏರಿಸಿಕೊಳ್ಳಲಿ.